ಕಡಜದ ರೆಕ್ಕೆಗೆ ಬಂಗಾರದ ರೇಕು

ಬಂಗಾರಪೇಟೆಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಕಿಟಕಿಯ ಸಜ್ಜೆಯ ಕೆಳಗೆ, ವರ್ಷವರ್ಷವೂ ಕಡಜಗಳು ಗೂಡು ಕಟ್ಟುತ್ತವೆ. ಗೂಡಿಗೆ ಬಂದಿಳಿಯುವ ಕಡಜವೊಂದರ ಚಿತ್ರವನ್ನು ತೀರ ಸಮೀಪದಿಂದ ತೆಗೆಯಬೇಕೆಂಬ ಹಟಕ್ಕೆ ಬಿದ್ದು ನಾನು ಒಂದು ಬೇಸಗೆಯನ್ನೆಲ್ಲ ಕಳೆದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ಕ್ಯಾಮರಾ ಕಣ್ಣು ತೆರೆಯುವಂತೆ ಮಾಡಿದೆ. ಕಾಲು, ಮೀಸೆ, ಹೊಟ್ಟೆಯ ಪಟ್ಟೆ ಎಲ್ಲವೂ ಸ್ಫುಟವಾಗಿ ಮೂಡಿದವು. ರೆಕ್ಕೆ ಇರಬೇಕಾದೆಡೆ ಮಾತ್ರ ಬರಿಯ ಮಂಜು. ಈ ಸೋಲೇ ನನ್ನನ್ನು ಎಟಿಯೆನ್ ಜೂಲ್ ಮಾರೇ ಎಂಬ ಫ್ರೆಂಚ್ ವಿಜ್ಞಾನಿಯ ಜೀವನಚರಿತ್ರೆಯತ್ತ ಕರೆದೊಯ್ದಿತು.

ಮಾರೇ ಹುಟ್ಟಿದ್ದು 1830ರಲ್ಲಿ, ದ್ರಾಕ್ಷಾರಸಕ್ಕೆ ಹೆಸರಾದ ಬೋನ್ ಎಂಬ ಊರಿನಲ್ಲಿ. ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತರೂ ಆತನ ಮನಸ್ಸು ರೋಗಿಗಳ ಉಪಚಾರಕ್ಕಿಂತ ದೇಹದ ಚಲನೆಯಲ್ಲಿ ನೆಟ್ಟಿತ್ತು. ನಾಡಿಯ ಮಿಡಿತವು ಹೊಗೆಮಸಿ ಹಿಡಿಸಿದ ಕಾಗದದ ಮೇಲೆ ತಾನೇ ಗೆರೆಯಾಗಿ ಮೂಡುವಂತಹ ಉಪಕರಣವನ್ನು 1860ರ ಸುಮಾರಿಗೆ ಆತ ರೂಪಿಸಿದ. ಮನುಷ್ಯನ ಕಣ್ಣುಕಿವಿಗಳಲ್ಲಿ ಆತನಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ. ಚಲಿಸುವ ವಸ್ತುವೇ ತನ್ನ ಚಲನೆಯನ್ನು ಬರೆದು ತೋರಿಸಬೇಕು ಎಂಬುದು ಆತನ ನಿಷ್ಠೆ.

1860ರ ದಶಕದ ಕೊನೆಯಲ್ಲಿ ಆತ ಕೀಟಗಳತ್ತ ತಿರುಗಿದ. ಕಡಜದ ರೆಕ್ಕೆಯ ತುದಿಗೆ ಬಂಗಾರದ ರೇಕಿನ ಅತಿ ಸಣ್ಣ ಚೂರೊಂದನ್ನು ಅಂಟಿಸಿ, ಅದನ್ನು ಬಿಸಿಲಿಗೆ ಹಿಡಿದ. ರೆಕ್ಕೆ ಬಡಿದಂತೆಲ್ಲ ಆ ಚೂರು ಹೊಳೆದು, ಗಾಳಿಯಲ್ಲಿ 8ರ ಅಂಕಿಯನ್ನು ಉದ್ದಕ್ಕೆ ಎಳೆದಂತಹ ಬೆಳಕಿನ ಗೆರೆ ಕಾಣಿಸಿತು. ಬಳಿಕ ಅದೇ ರೆಕ್ಕೆಯನ್ನು, ತಿರುಗುತ್ತಿರುವ ಮಸಿಯ ಉರುಳೆಗೆ ತಾಗಿಸಿ ಬಡಿತಗಳನ್ನು ಎಣಿಸಿದ. ಸೆಕೆಂಡಿಗೆ ನೊಣಕ್ಕೆ 330, ಜೇನುನೊಣಕ್ಕೆ 190, ಕಡಜಕ್ಕೆ 110, ಕೋಸಿನ ಬಿಳಿ ಚಿಟ್ಟೆಗೆ ಕೇವಲ 9. ನನ್ನ ಮಂಜಿನ ಗುಟ್ಟು ಇಲ್ಲಿ ಬಯಲಾಯಿತು: ನನ್ನ ಕ್ಯಾಮರಾ ಕಣ್ಣು ಮುಚ್ಚುವಷ್ಟರಲ್ಲಿ ಕಡಜದ ರೆಕ್ಕೆ ತನ್ನ ಸುತ್ತಿನ ಒಂಬತ್ತನೆಯ ಒಂದು ಪಾಲನ್ನು ಮುಗಿಸಿರುತ್ತಿತ್ತು.

ಆ ರೇಕಿನ ಸಂಗತಿಯನ್ನು ಓದಿದ ರಾತ್ರಿ ನನಗೆ ತಾತನ ನೆನಪು ಬಹಳವಾಗಿ ಬಂತು. ಅವರು ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಕೋಲಾರ ಚಿನ್ನದ ಗಣಿಯ ಆಳಕ್ಕೆ ಇಳಿಯುತ್ತಿದ್ದವರು. ಟನ್ನುಗಟ್ಟಲೆ ಕಲ್ಲನ್ನು ಪುಡಿಮಾಡಿದರೆ ಸಿಕ್ಕುತ್ತಿದ್ದುದು ಗ್ರಾಂಗಳ ಲೆಕ್ಕದ ಚಿನ್ನ. ಗಣಿ 2001ರಲ್ಲಿ ಮುಚ್ಚಿತು. ಆ ಪುಡಿಯ ದಿಬ್ಬಗಳು ಇಂದಿಗೂ ಉಳಿದಿವೆ. ಚಿನ್ನ ಎಲ್ಲೆಲ್ಲಿಗೆ ಹೋಯಿತೆಂಬುದು ತಾತನಿಗೆ ತಿಳಿಯದು. ಕಡಜದ ರೆಕ್ಕೆಗೂ ಅದು ಒದಗೀತೆಂದು ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಫೋಟೋಗ್ರಫಿ ಮಾರೇಯ ಬಾಳಿನಲ್ಲಿ ತಡವಾಗಿಯೇ ಬಂತು. ಅಮೆರಿಕೆಯಲ್ಲಿ ಮೈಬ್ರಿಜ್ 1878ರಲ್ಲಿ ತೆಗೆದ ಓಡುವ ಕುದುರೆಯ ಚಿತ್ರಗಳು ಆತನನ್ನು ಆ ದಾರಿಗೆ ಎಳೆದವು. 1882ರಲ್ಲಿ ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೆಯುವ, ಬಂದೂಕಿನಾಕಾರದ ಕ್ಯಾಮರಾವನ್ನು ನಿರ್ಮಿಸಿ, ನೇಪಲ್ಸಿನ ಕಡಲ ತೀರದಲ್ಲಿ ಹಕ್ಕಿಗಳಿಗೆ ಗುರಿಯಿಟ್ಟ. ಗುಂಡು ಹಾರದ ಆ ಬಂದೂಕನ್ನು ಕಂಡ ಊರಿನವರು ಈತನಿಗೆ ಮರುಳು ಹಿಡಿದಿದೆ ಎಂದುಕೊಂಡರಂತೆ. ಆದರೆ ಹಕ್ಕಿಗೆ ಸಾಕಾದ ವೇಗ ನೊಣಕ್ಕೆ ಸಾಲದು. 1890ರ ಆಚೀಚೆ ಆತ ಮಸೂರದಿಂದ ಸೂರ್ಯನ ಬೆಳಕನ್ನೆಲ್ಲ ಕೀಟದ ಮೇಲೆ ಕೂಡಿಸಿ, ಸೆಕೆಂಡಿನ 25,000ದ ಒಂದು ಭಾಗದಲ್ಲಿ ಚಿತ್ರ ಹಿಡಿದ. ರೆಕ್ಕೆ ನಿಂತಿತು. ನಿಜ, ಅದಕ್ಕಾಗಿ ಕೀಟವನ್ನು ಸೆರೆಯಲ್ಲಿಡಬೇಕಾಯಿತು. ಈ ಮಾತು ನನಗೆ ಇಂದಿಗೂ ಅಷ್ಟು ಹಿತವೆನಿಸದು.

ಬಹುಕಾಲದ ಸಹಾಯಕನಾದ ದೆಮೆನಿ ಈ ವಿದ್ಯೆಯನ್ನು ವ್ಯಾಪಾರಕ್ಕೆ ಹಚ್ಚಲು ಹೊರಟಾಗ, 1894ರಲ್ಲಿ ಇಬ್ಬರೂ ಬೇರೆಯಾದರು. ಮರುವರ್ಷ ಲ್ಯೂಮಿಯೇರ್ ಸೋದರರ ಸಿನಿಮಾ ಪ್ಯಾರಿಸ್ಸನ್ನು ಮರುಳುಮಾಡಿತು. ಮಾರೇಗೆ ಅದರಲ್ಲಿ ಅಂತಹ ಆಸಕ್ತಿ ಹುಟ್ಟಲಿಲ್ಲ. ಕಣ್ಣು ಕಾಣಬಲ್ಲದ್ದನ್ನೇ ಮತ್ತೆ ತೋರಿಸುವುದರಿಂದ ಆತನಿಗೆ ಆಗಬೇಕಾದುದೇನು?

1904ರಲ್ಲಿ ಆತನ ಶಿಷ್ಯ ಲೂಸಿಯನ್ ಬುಲ್, ವಿದ್ಯುತ್ತಿನ ಕಿಡಿಗಳ ಬೆಳಕಿನಲ್ಲಿ, ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಚಿತ್ರ ತೆಗೆದ. ಕೀಟ ಹಾರಿದ ಕ್ಷಣವೇ ಯಂತ್ರವೂ ಹೊರಡುವಂತೆ ಉಪಾಯವನ್ನು ಹೂಡಿದ್ದ. ಶಿವನಸಮುದ್ರದ ವಿದ್ಯುತ್ತು ನಮ್ಮ ಗಣಿಗಳಿಗೆ ಹರಿದು ಆಗ ಎರಡು ವರ್ಷವಾಗಿತ್ತು. ಅದೇ 1904ರಲ್ಲಿ ಮಾರೇ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಈಚೆಗೆ ಒಂದು ಸಂಜೆ ಕ್ಯಾಮರಾವನ್ನು ಒಳಗಿಟ್ಟು, ಸಜ್ಜೆಯ ಕೆಳಗೆ ಸುಮ್ಮನೆ ಕುಳಿತಿದ್ದೆ. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಡಜವೊಂದು ಗೂಡಿನೆದುರು ಗಾಳಿಯಲ್ಲಿ ತುಸು ನಿಂತಾಗ ರೆಕ್ಕೆಯ ತುದಿಯಲ್ಲಿ ಏನೋ ಹೊಳೆಯಿತು. 8ರ ಅಂಕಿಯನ್ನು ಕಂಡೆನೆಂದು ಹೇಳಲಾರೆ. ಮರುದಿನ ಅದೇ ಹೊತ್ತಿಗೆ ಮತ್ತೆ ಹೋಗಿ ಕುಳಿತೆ.