ಮನೆಯಲ್ಲೇ ಆಶ್ರಮ ಕಂಡ ಡಿವಿಜಿ

ನಾನು 2003ರಿಂದ 2006ರವರೆಗೆ ಈ ಶಾಲೆಯಲ್ಲಿ ಓದಿದವನು. ನಮ್ಮ ಕನ್ನಡ ಮೇಷ್ಟ್ರು ಪ್ರತಿ ಸೋಮವಾರ ಕಪ್ಪುಹಲಗೆಯ ಮೂಲೆಯಲ್ಲಿ 'ಮಂಕುತಿಮ್ಮನ ಕಗ್ಗ'ದ ಒಂದು ಪದ್ಯ ಬರೆಯುತ್ತಿದ್ದರು. ಶನಿವಾರದವರೆಗೆ ಅದನ್ನು ಯಾರೂ ಅಳಿಸುವಂತಿರಲಿಲ್ಲ. ನಾವು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಅಂಕ ಪಡೆದೆವು. ಅರ್ಥ ಮಾತ್ರ ನನಗೆ ಬಹಳ ತಡವಾಗಿ ಆಯಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆಯಬೇಕೆಂದಾಗ ಆ ಪದ್ಯಗಳ ಕರ್ತೃ ಡಿ.ವಿ. ಗುಂಡಪ್ಪನವರೇ ನೆನಪಾದರು. ನಮ್ಮ ಶಾಲೆ ಶುರುವಾದ 1975ರಲ್ಲೇ, ಅಕ್ಟೋಬರ್ 7ರಂದು, ಅವರು ತೀರಿಕೊಂಡರು.

ಡಿವಿಜಿ ಹುಟ್ಟಿದ್ದು 1887ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆ ಅವರಿಗೆ ಕೈಹಿಡಿಯಲಿಲ್ಲ. ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆ ಸೇರಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಕಡೆ ದುಡಿದರು. ಆಮೇಲೆ ಪತ್ರಕರ್ತರಾಗಿ ಹೆಸರು ಮಾಡಿದರು. ಸಂಸ್ಕೃತ, ಇಂಗ್ಲಿಷುಗಳನ್ನು ಸ್ವಂತ ಶ್ರಮದಿಂದ ಆಳವಾಗಿ ಓದಿಕೊಂಡರು. ಮೆಟ್ರಿಕ್ ದಾಟದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಅವರು ಸಂಸಾರ ಬಿಟ್ಟು ಹೋದವರಲ್ಲ. ಮನೆಯಲ್ಲಿ ಬಡತನವಿತ್ತು. ಪತ್ನಿ ಭಾಗೀರಥಮ್ಮನವರ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ನೆಂಟರ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳಿಸಿ ಆಕೆ ಮನೆಯಲ್ಲೇ ಉಳಿದರಂತೆ. ಉಟ್ಟುಕೊಳ್ಳಲು ಹರಿಯದ ಸೀರೆ ಇರಲಿಲ್ಲ. ಆ ಸೀರೆಯಲ್ಲಿ ಹೋದರೆ ಗಂಡನ ಮರ್ಯಾದೆಗೆ ಕುಂದು ಎಂಬುದು ಆಕೆಯ ಯೋಚನೆ. 1924ರಲ್ಲಿ ಆಕೆ ತೀರಿಕೊಂಡಾಗ ಡಿವಿಜಿಗೆ ಮೂವತ್ತೇಳು ವರ್ಷ. ಅವರು ಮತ್ತೆ ಮದುವೆಯಾಗಲಿಲ್ಲ. ಮುಂದೆ ಸಸ್ಯವಿಜ್ಞಾನಿಯೂ ಸಾಹಿತಿಯೂ ಆದ ಮಗ ಬಿ.ಜಿ.ಎಲ್. ಸ್ವಾಮಿಯವರು ಆಗ ಆರು ವರ್ಷದ ಹುಡುಗ.

ಇಂಥ ನೋವಿನ ಹತ್ತೊಂಬತ್ತು ವರ್ಷಗಳ ನಂತರ, 1943ರಲ್ಲಿ, 'ಕಗ್ಗ' ಪ್ರಕಟವಾಯಿತು. ಭಗವದ್ಗೀತೆಯನ್ನು ಕುರಿತ ಅವರ ಗ್ರಂಥಕ್ಕೆ 'ಜೀವನಧರ್ಮಯೋಗ' ಎಂದೇ ಹೆಸರು. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬದುಕುವುದೇ ಒಂದು ಯೋಗ ಎಂಬುದು ಅವರ ತಿಳಿವಳಿಕೆ. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ನಾನು, ನನ್ನದು ಎಂಬ ಗಂಟು ಒಂದೇ ದಿನದಲ್ಲಿ ಬಿಚ್ಚುವುದಿಲ್ಲ. ಹೆಂಡತಿ, ಮಕ್ಕಳು, ಮುಪ್ಪಾದ ತಂದೆತಾಯಿ, ನೆರೆಯವರು, ಊರು, ಹೀಗೆ ಒಬ್ಬೊಬ್ಬರಿಗಾಗಿ ಬಾಳುತ್ತಾ ಅದು ಸಡಿಲವಾಗುತ್ತದೆ. ಆದ್ದರಿಂದ ಮನೆ ಸಾಧನೆಗೆ ಅಡ್ಡಿಯಲ್ಲ, ಸಾಧನೆಯ ಮೊದಲ ಜಾಗ.

ಊರಿನ ಕೆಲಸವೂ ಅವರಿಗೆ ಅದೇ ಸಾಧನೆಯ ಮುಂದುವರಿಕೆ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ ಕೊನೆಯವರೆಗೂ ಅದಕ್ಕಾಗಿ ದುಡಿದರು. 1970ರಲ್ಲಿ ಅವರನ್ನು ಸನ್ಮಾನಿಸಿ ದೊಡ್ಡ ಮೊತ್ತ ಅರ್ಪಿಸಿದಾಗ ಆ ಹಣವನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಇದನ್ನೆಲ್ಲ ನಾನು ಓದಿದ್ದು ಮೂರು ವರ್ಷದ ಹಿಂದೆ, ನಮ್ಮಪ್ಪನಿಗೆ ಲಕ್ವ ಹೊಡೆದಾಗ. ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತಿದ್ದೆ. ಮನಸ್ಸಿನ ನೆಮ್ಮದಿಗೆಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಮೊಬೈಲಿನ ಆ್ಯಪ್ ಹಾಕಿ ಧ್ಯಾನಕ್ಕೆ ಕೂರುತ್ತಿದ್ದೆ. ಒಂದು ದಿನ ಅಪ್ಪನನ್ನು ಮಗ್ಗುಲು ಬದಲಿಸಲು ಅವ್ವ ಕರೆದಳು. ಕೇಳಿಸಿದರೂ ನಾನು ಏಳಲಿಲ್ಲ. ಧ್ಯಾನ ಮುಗಿಸಿ ಹೊರಗೆ ಬಂದರೆ ಪಕ್ಕದ ಮನೆಯ ಚಿಕ್ಕಪ್ಪ ಹೊಲಕ್ಕೆ ಹೊರಟಿದ್ದವರು ಬಂದು ಅಪ್ಪನ ತೋಳು ಹಿಡಿದಿದ್ದರು. ಯಾರೂ ನನಗೆ ಏನೂ ಅನ್ನಲಿಲ್ಲ. ಆದರೆ ಆವತ್ತು ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

ಆ ವಾರವೇ ಹಳೆಯ ಪೆಟ್ಟಿಗೆಯಿಂದ 'ಕಗ್ಗ' ತೆಗೆದೆ. ಮಾರನೆಯ ದಿನದಿಂದ ಬೆಳಗಿನ ಆ ಹೊತ್ತು ಅಪ್ಪನದಾಯಿತು: ಮುಖ ತೊಳೆಸುವುದು, ಗಂಜಿ ಕುಡಿಸುವುದು, ಕೈಕಾಲು ಆಡಿಸುವುದು. ಮೊದಮೊದಲು ಬೇಸರವಾಗುತ್ತಿತ್ತು, ಸುಳ್ಳು ಹೇಳಲಾರೆ. ದಿನ ಕಳೆದಂತೆ ಹುಡುಕುತ್ತಿದ್ದ ನೆಮ್ಮದಿ ಆ ಕೆಲಸದಲ್ಲೇ ಸ್ವಲ್ಪ ಸ್ವಲ್ಪ ಸಿಕ್ಕಿತು. ಅಪ್ಪ ಈಗ ಕೋಲು ಹಿಡಿದು ಜಗಲಿಯವರೆಗೆ ಬರುತ್ತಾರೆ. ಚಿಕ್ಕಪ್ಪ ಸಂಜೆ ಬಂದು ಜೊತೆಗೆ ಕೂರುತ್ತಾರೆ.

ಈಗ ಇಲ್ಲಿ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಮಾತು. ಪರೀಕ್ಷೆಯಲ್ಲಿ ಸೋತರೆ ಡಿವಿಜಿಯವರನ್ನು ನೆನೆಯಿರಿ. ಗೆದ್ದು ದೂರದ ಊರಿಗೆ ಹೋದಾಗಲೂ ಅವರನ್ನು ಮರೆಯಬೇಡಿ. ಹಲಗೆಯ ಮೂಲೆಯಲ್ಲಿ ಆ ಪದ್ಯಗಳನ್ನು ಉಳಿಸಿದ ನಮ್ಮ ಮೇಷ್ಟ್ರಿಗೆ, ಈ ಶಾಲೆಗೆ, ನನ್ನ ನಮಸ್ಕಾರಗಳು.