ಉಪ್ಪುನೀರು ಸಿಹಿ ಮಾಡಿದ ಮರಿಯಾ ತೆಲ್ಕೆಸ್

ನಮ್ಮ ಮನೆ ಹೊನ್ನಾವರದ ಹತ್ತಿರ, ಹೊಳೆದಂಡೆ ಮೇಲೆ. ಮೇ ತಿಂಗಳು ಬಂತೆಂದರೆ ಬಾವಿ ನೀರು ಸವಳು. ಆಯಿ ದೂರದಿಂದ ಕೊಡಪಾನ ಹೊತ್ತು ತರ್ತಾಳೆ. ಅದಕ್ಕೇ ಈ ಸಲ ಇವರ ಬಗ್ಗೆ ಬರೆದಿದ್ದೇನೆ.

ಮರಿಯಾ 1900ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದರು. ರಸಾಯನಶಾಸ್ತ್ರ ಓದಿ 1925ರಲ್ಲಿ ಅಮೆರಿಕಕ್ಕೆ ಹೋದರು. ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿದ ಸೈನಿಕರು ಸಮುದ್ರದ ನಡುವೆಯೇ ನೀರಿಲ್ಲದೆ ಒದ್ದಾಡುತ್ತಿದ್ದರು. ಇವರು ಪಾರದರ್ಶಕ ಪ್ಲಾಸ್ಟಿಕ್ಕಿನ ತೇಲುವ ಚೀಲ ಮಾಡಿದರು. ಒಳಗೆ ಉಪ್ಪುನೀರು ಹೀರಿದ ಕಪ್ಪು ಹಾಸು. ಬಿಸಿಲಿಗೆ ನೀರು ಆವಿಯಾಗಿ, ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗಿ ಇಳೀತದೆ. ಉಪ್ಪು ಅಲ್ಲೇ ಉಳೀತದೆ. ದಿನಕ್ಕೆ ಸುಮಾರು ಒಂದು ಲೀಟರು! ಕುಮಟಾ ತಾಲೂಕಿನ ಸಾಣಿಕಟ್ಟಾ ಆಗರದಲ್ಲೂ ಇದೇ ಬಿಸಿಲು. ಆದ್ರೆ ಅಲ್ಲಿ ಉಪ್ಪು ಇಟ್ಕೊಂಡು ನೀರನ್ನು ಆಕಾಶಕ್ಕೆ ಬಿಡ್ತೇವೆ.

1948ರಲ್ಲಿ ಬಿಸಿಲಿನಿಂದಲೇ ಬೆಚ್ಚಗಾಗುವ ಮನೆ ಮಾಡಿದರು. ಕೆಲವು ಚಳಿಗಾಲಕ್ಕೆ ಅದು ಕೈಕೊಟ್ಟಿತು. ಮುಂದೆ ಸೌರ ಒಲೆ ಮಾಡಿದರು. 1995ರಲ್ಲಿ ಬುಡಾಪೆಸ್ಟಿನಲ್ಲೇ ತೀರಿಕೊಂಡರು.

ಈಗ ಸೌರಫಲಕದ ಹಿಂದೆ ಇದೇ ಉಪಾಯ ಕಟ್ಟಿ ನೋಡ್ತಿದ್ದಾರೆ. ಫಲಕ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು ಶೇ. 0.4 ವಿದ್ಯುತ್ ಕಡಿಮೆ. ಆ ಬಿಸಿಯಿಂದ ಉಪ್ಪುನೀರು ಆವಿಯಾದರೆ ಫಲಕವೂ ತಂಪು, ಸಿಹಿನೀರೂ ಸಿಗ್ತದೆ.

ರವಿವಾರ ನಾನೂ ಬೋಗುಣಿಗೆ ಪ್ಲಾಸ್ಟಿಕ್ ಕಟ್ಟಿ ಅಂಗಳದಲ್ಲಿಟ್ಟೆ. ಸಂಜೆಗೆ ಕಾಲು ಲೋಟ. ಆಯಿಗೇ ಕೊಟ್ಟೆ.