ಗುಬ್ಬಿ ವೀರಣ್ಣ: ರಂಗಜೀವನ ಮತ್ತು ಸಂಪತ್ತಿನ ಸ್ವರೂಪ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಗುಬ್ಬಿ ವೀರಣ್ಣನವರ (1891-1972) ಹೆಸರು ಒಬ್ಬ ನಟನ ಹೆಸರಾಗಿರುವಂತೆಯೇ ಒಂದು ಸಂಸ್ಥೆಯ ಹೆಸರೂ ಆಗಿದೆ. ಅವರನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳು ಕಾಣಸಿಗುತ್ತವೆ. ಒಂದು, ಆನೆ ಕುದುರೆಗಳನ್ನು ರಂಗದ ಮೇಲೆ ತಂದ ವೈಭವದ ಒಡೆಯನ ಚಿತ್ರ. ಇನ್ನೊಂದು, ಗಳಿಸಿದ್ದನ್ನೆಲ್ಲ ಕಲೆಗೆ ಸುರಿದ ತ್ಯಾಗಿಯ ಚಿತ್ರ. ಊರೂರು ಸುತ್ತುವ ನಾಟಕ ಕಂಪನಿಯೊಂದರ ಮಾಲೀಕನಿಗೆ ಸಂಪತ್ತು ಎಂಬುದು ಯಾವ ರೂಪದಲ್ಲಿ ದಕ್ಕುತ್ತಿತ್ತು, ಅದು ಯಾರ ದುಡಿಮೆಯಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಈ ಎರಡು ಚಿತ್ರಗಳೂ ಬದಿಗಿರಿಸುತ್ತವೆ. ವೀರಣ್ಣನವರ ಬದುಕನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ವೀರಣ್ಣನವರು ಬಾಲ್ಯದಲ್ಲಿಯೇ ನಾಟಕದ ಬಣ್ಣ ಹಚ್ಚಿದರು. ಅವರು ಸೇರಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರ ಉತ್ಸಾಹದಿಂದ ಆರಂಭವಾದದ್ದು. ಊರ ದೈವದ ಹೆಸರನ್ನು ಹೊತ್ತ ಸಂಸ್ಥೆಯೊಂದನ್ನು ಹಿಂದೂ-ಮುಸ್ಲಿಂ ಗೆಳೆಯರು ಕೂಡಿ ಕಟ್ಟಿದ್ದು ಹಳೆಯ ಮೈಸೂರು ಸೀಮೆಯ ಗ್ರಾಮಸಮಾಜದ ಒಂದು ಮುಖವನ್ನು ತೋರಿಸುತ್ತದೆ. ಅರಮನೆಯ ಆಶ್ರಯದಲ್ಲಿ ಬೆಳೆದ ಮೈಸೂರಿನ ನಾಟಕ ಸಭೆಗಿಂತ ಗುಬ್ಬಿಯ ಸಂಘದ ನೆಲೆ ಭಿನ್ನವಾಗಿತ್ತು. ಟಿಕೆಟು ಕೊಂಡು ಬರುವ ಸಾಮಾನ್ಯ ಪ್ರೇಕ್ಷಕನೇ ಅದರ ಪೋಷಕ. ವೀರಣ್ಣನವರ ಕಲೆ ಮತ್ತು ವ್ಯವಹಾರ ಎರಡಕ್ಕೂ ಅಡಿಪಾಯ ಹಾಕಿದ್ದು ಈ ಪ್ರೇಕ್ಷಕನೊಂದಿಗಿನ ನಂಟು.

ನಟರಾಗಿ ವೀರಣ್ಣನವರು ಪ್ರಸಿದ್ಧಿಗೆ ಬಂದದ್ದು ಹಾಸ್ಯಪಾತ್ರಗಳಿಂದ. ಸಂಗೀತವೇ ಪ್ರಧಾನವಾಗಿದ್ದ ಕಾಲದಲ್ಲಿ ಕಂಪನಿಯ ಕೀರ್ತಿಯನ್ನು ಹೊತ್ತವರು ಸಾಮಾನ್ಯವಾಗಿ ಹಾಡುವ ನಾಯಕನಟರು. ವೀರಣ್ಣನವರ ವಿಷಯದಲ್ಲಿ ಈ ಕ್ರಮ ತಲೆಕೆಳಗಾಯಿತು. ‘ಸದಾರಮೆ’ ನಾಟಕದ ಕಳ್ಳನ ಪಾತ್ರಕ್ಕಾಗಿಯೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಪಠ್ಯದ ಚೌಕಟ್ಟಿನೊಳಗೆ ನಿಂತು ಆಶುವಾಗಿ ಮಾತು ಬೆಳೆಸುವುದು, ಸಭಿಕರ ಪ್ರತಿಕ್ರಿಯೆಯನ್ನು ಹಿಡಿದು ದೃಶ್ಯವನ್ನು ಹಿಗ್ಗಿಸುವುದು ಆ ಪಾತ್ರದ ಬಲವಾಗಿತ್ತು. ಜನಪದ ಆಟಗಳ ಹಾಸ್ಯಗಾರನ ಪರಂಪರೆಯು ಪ್ರೊಸೀನಿಯಂ ರಂಗದಲ್ಲಿ ಮುಂದುವರಿದ ಬಗೆಯನ್ನು ಇಲ್ಲಿ ಗುರುತಿಸಬಹುದು. ನಾಟಕರತ್ನ, ವಿನೋದ ರತ್ನಾಕರ ಎಂಬ ಬಿರುದುಗಳು ಅವರ ಹೆಸರಿನೊಂದಿಗೆ ಬೆರೆತುಹೋದವು.

1917ರಲ್ಲಿ ವೀರಣ್ಣನವರು ಕಂಪನಿಯ ಮಾಲೀಕರಾದರು. ಗೆಳೆಯರ ಕೂಟವಾಗಿದ್ದ ಸಂಘವು ಹೆಸರಿನಲ್ಲಿ ಸಂಘವಾಗಿಯೇ ಉಳಿದು ವ್ಯವಹಾರದಲ್ಲಿ ಒಡೆಯನೊಬ್ಬನ ಸಂಸ್ಥೆಯಾಯಿತು. ಇದು ವೃತ್ತಿರಂಗಭೂಮಿಯ ಆರ್ಥಿಕ ಚರಿತ್ರೆಯ ಮುಖ್ಯ ತಿರುವು. ಕಂಪನಿಯ ಬಂಡವಾಳವೆಂದರೆ ಪರದೆಗಳು, ಸೀನುಗಳು, ಉಡುಪು, ಒಡವೆ, ದೀಪದ ಸಲಕರಣೆ ಮತ್ತು ಕಲಾವಿದರು. ಇವೆಲ್ಲವನ್ನೂ ಮೊಕ್ಕಾಮಿನಿಂದ ಮೊಕ್ಕಾಮಿಗೆ ಸಾಗಿಸಬೇಕು. ಆಟವಿಲ್ಲದ ದಿನವೂ ನೂರಾರು ಜನರ ಊಟ ನಡೆಯಬೇಕು. ಒಂದು ಊರಿನ ಕಲೆಕ್ಷನ್ನು ಮುಂದಿನ ಊರಿನ ಸಾಗಣೆಗೆ ಖರ್ಚಾಗುತ್ತಿತ್ತು. ಹೀಗಾಗಿ ಕಂಪನಿಯ ಸಿರಿತನವು ಕೂಡಿಟ್ಟ ಹಣಕ್ಕಿಂತ ಹೆಚ್ಚಾಗಿ ಚಲಾವಣೆಯಲ್ಲಿರುವ ಹಣವಾಗಿತ್ತು. ಆಟ ನಿಂತರೆ ಅದೇ ಆಸ್ತಿ ಸಾಲವಾಗಿ ಮಾರ್ಪಡುತ್ತಿತ್ತು. ಅಭಿನಯದಲ್ಲಿ ಅಪ್ರತಿಮರೆನಿಸಿದ್ದ ಎ.ವಿ. ವರದಾಚಾರ್ಯರಂತಹವರೂ ಸಾಲದ ಹೊರೆಯಲ್ಲಿ ಬಳಲಿದ್ದನ್ನು ನೆನೆದರೆ ಈ ವೃತ್ತಿಯ ಅಸ್ಥಿರತೆ ಅರ್ಥವಾಗುತ್ತದೆ.

1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾದ ‘ಕುರುಕ್ಷೇತ್ರ’ವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ನಿಜವಾದ ಆನೆ, ಕುದುರೆ, ರಥಗಳನ್ನು ಬಳಸಿದ ಈ ಪ್ರಯೋಗವು ವೀರಣ್ಣನವರ ಸಾಹಸಕ್ಕೆ ಸಂಕೇತವಾಗಿದೆ. ಕಂಪನಿ ನಾಟಕಗಳ ಇಂತಹ ಅಬ್ಬರವನ್ನು ವಿಲಾಸಿ ರಂಗಭೂಮಿಯ ವಿಮರ್ಶೆ ಅಭಿರುಚಿಯ ದೋಷವೆಂದು ಕಂಡಿತು. ಆದರೆ ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರವೂ ತೆರೆಕಂಡಿತೆಂಬುದನ್ನು ಮರೆಯುವಂತಿಲ್ಲ. ತೆರೆಯ ಮೇಲಿನ ನೆರಳಿಗೆ ಜೀವಂತ ಆನೆಯನ್ನು ಎದುರಾಗಿ ನಿಲ್ಲಿಸುವುದು ಪ್ರೇಕ್ಷಕನನ್ನು ಉಳಿಸಿಕೊಳ್ಳುವ ವ್ಯವಹಾರತಂತ್ರವೂ ಆಗಿತ್ತು.

ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದ ರೂಢಿಯಿಂದ ಹೊರಬಂದು ನಟಿಯರಿಗೆ ಕಂಪನಿಯಲ್ಲಿ ಸ್ಥಾನ ನೀಡಿದ ಮಾಲೀಕರಲ್ಲಿ ವೀರಣ್ಣನವರು ಪ್ರಮುಖರು. ಅವರ ಪತ್ನಿಯರಲ್ಲಿ ಒಬ್ಬರಾದ ಬಿ. ಜಯಮ್ಮನವರು ಗಾಯನ ಮತ್ತು ಅಭಿನಯಗಳಿಂದ ಕಂಪನಿಯ ಬಹುದೊಡ್ಡ ಆಕರ್ಷಣೆಯಾದರು. ಮುಂದೆ ಕನ್ನಡದಾಚೆಯ ಚಿತ್ರರಂಗದಲ್ಲೂ ಹೆಸರು ಗಳಿಸಿದರು. ಮನೆ ಮತ್ತು ಕಂಪನಿ ಬೇರೆಬೇರೆಯಾಗಿರದ ಈ ವ್ಯವಸ್ಥೆಯಲ್ಲಿ ನಟಿಯರಿಗೆ ರಕ್ಷಣೆಯೂ ಅವಕಾಶವೂ ದೊರೆತವು ನಿಜ. ಆದರೆ ಅವರ ದುಡಿಮೆಯಿಂದ ಬೆಳೆದ ಸಂಸ್ಥೆ ಒಬ್ಬ ಯಜಮಾನನ ಹೆಸರಿನಲ್ಲಿಯೇ ಗುರುತಿಸಲ್ಪಟ್ಟಿತು. ವೀರಣ್ಣನವರ ಸಂಪತ್ತನ್ನು ಲೆಕ್ಕಹಾಕುವಾಗ ಈ ಪಾಲನ್ನೂ ನೆನೆಯಬೇಕು.

ಸಿನಿಮಾವನ್ನು ವೀರಣ್ಣನವರು ಕೇವಲ ಎದುರಾಳಿಯಾಗಿ ಕಾಣಲಿಲ್ಲ. ಮೂಕಿಚಿತ್ರಗಳ ಕಾಲದಲ್ಲಿಯೇ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ನಿರ್ಮಾಣಕ್ಕೆ ಕೈಹಾಕಿದರು. 1935ರಲ್ಲಿ ರಾಜಾ ಚಂದ್ರಶೇಖರ್ ನಿರ್ದೇಶನದ ‘ಸದಾರಮೆ’ಯಲ್ಲಿ ರಂಗದ ಪಾತ್ರವನ್ನು ತೆರೆಗೆ ತಂದರು. ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945), ‘ಗುಣಸಾಗರಿ’ (1953) ಚಿತ್ರಗಳೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ. 1954ರ ‘ಬೇಡರ ಕಣ್ಣಪ್ಪ’ ಅವರ ಕಂಪನಿಯ ರಂಗದಿಂದಲೇ ಚಿತ್ರಕ್ಕೆ ಹೋದ ಕಥೆ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದ ನಾಯಕರಾದ ರಾಜಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಜೊತೆಯಲ್ಲಿ ನಟಿಸಿದ ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಕಂಪನಿ ತಯಾರಿಸಿದ ನಟರೇ ಕಂಪನಿಯ ಪ್ರೇಕ್ಷಕರನ್ನು ಚಿತ್ರಮಂದಿರದತ್ತ ಸೆಳೆದೊಯ್ದದ್ದು ವೃತ್ತಿರಂಗಭೂಮಿಯ ಚರಿತ್ರೆಯ ದೊಡ್ಡ ವೈರುಧ್ಯ. ಒಡೆಯನಾಗಿ ವೀರಣ್ಣನವರು ಇದರಿಂದ ಕಳೆದುಕೊಂಡರೂ ಕನ್ನಡ ಚಿತ್ರರಂಗಕ್ಕೆ ಅದರ ಮೊದಲ ತಲೆಮಾರು ಸಿದ್ಧವಾಗಿಯೇ ದೊರಕಿತು.

ಇದೇ ಮಾತು ಹವ್ಯಾಸಿ ರಂಗಭೂಮಿಗೂ ಸಲ್ಲುತ್ತದೆ. ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರು. 1970ರ ದಶಕದ ಆಧುನಿಕ ಕನ್ನಡ ರಂಗಚಳವಳಿಯ ಮುಂದಾಳು, ಆ ಚಳವಳಿ ದೂರವಿಟ್ಟ ಕಂಪನಿಯ ಋಣದಲ್ಲಿಯೇ ರೂಪುಗೊಂಡವರು. ಕಾರಂತರ ರಂಗಸಂಗೀತದ ಬೇರುಗಳನ್ನು ಹುಡುಕುವವರು ಗುಬ್ಬಿ ಕಂಪನಿಯನ್ನು ದಾಟಿ ಹೋಗಲಾರರು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ವೀರಣ್ಣನವರಿಗೆ ಸಂದವು. ‘ಕಲೆಯೇ ಕಾಯಕ’ ಎಂಬುದು ಅವರ ಆತ್ಮಕಥನದ ಹೆಸರು. ಕಾಯಕದ ಪರಿಕಲ್ಪನೆಯಲ್ಲಿ ಗಳಿಕೆ ನಿಷಿದ್ಧವಲ್ಲ, ಕೂಡಿಡುವುದು ನಿಷಿದ್ಧ, ದುಡಿದದ್ದು ದಾಸೋಹವಾಗಬೇಕು. 1972ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಾಜ್ಯ ಪ್ರಶಸ್ತಿ, ತುಮಕೂರಿನ ಕಲಾಕ್ಷೇತ್ರ, ಬೆಂಗಳೂರಿನ ರಂಗಮಂದಿರಗಳು ಸ್ಮಾರಕಗಳಾಗಿ ನಿಂತಿವೆ, ಮೊಮ್ಮಗಳು ಬಿ. ಜಯಶ್ರೀಯವರು ಕಂಪನಿಯ ನಾಟಕಗಳಿಗೆ ಹೊಸ ರಂಗರೂಪ ನೀಡಿದ್ದಾರೆ. ಪರದೆ, ಒಡವೆಗಳು ಚದುರಿಹೋಗುವಂಥವು. ತರಬೇತಾದ ನಟರು, ಹಾಡಿನ ಮಟ್ಟುಗಳು, ಟಿಕೆಟು ಕೊಂಡು ನಾಟಕ ನೋಡುವ ರೂಢಿ ಇವು ಬೇರೆ ಬೇರೆ ರಂಗಗಳಲ್ಲಿ ಮುಂದುವರಿದವು. ವೃತ್ತಿರಂಗಭೂಮಿಯ ಆರ್ಥಿಕ ಚರಿತ್ರೆಯನ್ನು ಬರೆಯುವವರು ಕಂಪನಿಗಳ ಲಾಭನಷ್ಟದ ಜೊತೆಗೆ ಈ ವರ್ಗಾವಣೆಯನ್ನೂ, ಅದರ ಹಿಂದಿನ ಹೆಸರಿಲ್ಲದ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.